ತಮ್ಮನ ಹಲ್ಲು, ಅಮ್ಮನ ಹಾಲಿನ ಪುಸ್ತಕ ಮತ್ತೆ 14416: ಟೆಲಿ ಮಾನಸ್ ರಿವ್ಯೂ

ನಾನು ಹೋಟೆಲ್‌ಗೂ ಸ್ಟಾರ್ ಕೊಟ್ಟೋಳಲ್ಲ, ರಿವ್ಯೂ ಬರೆಯೋದು ಇದೇ ಮೊದಲು. ಟೆಲಿ ಮಾನಸ್ ಅಂದ್ರೆ ಮಾನಸಿಕ ಆರೋಗ್ಯಕ್ಕೆ ಅಂತ ಇರೋ ಸರ್ಕಾರಿ ಸಹಾಯವಾಣಿ, ಅದರ ನಂಬರ್ 14416. ಮನೇಲಿ ಮಾತು ಬರದ ದೊಡ್ಡ ಮಕ್ಕಳಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನನ್ನ ತಮ್ಮಂಗೆ 26 ವರ್ಷ. ಆಟಿಸಂ, ಜೊತೆಗೆ ಬೌದ್ಧಿಕ ವೈಕಲ್ಯ. ಅವನ ಬಾಯಲ್ಲಿ ಬರೋ ಮಾತು ಅಮ್ಮ, ಅಕ್ಕ, ಬಸ್ಸು, ಬೇಡ, ಇನ್ನೊಂದು ನಾಕೈದು. ನೋವು ಅನ್ನೋದು ಆ ಲಿಸ್ಟಲ್ಲೇ ಇಲ್ಲ. ಈಚೆಗೆ ಇದ್ದಕ್ಕಿದ್ದಂಗೆ ಎಡಗೆನ್ನೆಗೆ ಮುಷ್ಟಿ ಕಟ್ಟಿ ಹೊಡ್ಕೊಳೋಕೆ ಶುರು ಮಾಡ್ದ, ಕೈ ಹಿಡ್ಕೊಂಡ್ರೆ ಬಾಗಿಲ ಚೌಕಟ್ಟಿಗೆ ಕೆನ್ನೆ ಒತ್ತೋನು. ಒಂದು ಥೆರಪಿ ಸೆಂಟರ್‌ಗೆ ಕರ್ಕೊಂಡು ಹೋದ್ವಿ, ಹೆಸರು ಬೇಡ ಬಿಡಿ. ನಮ್ಮನ್ನ ಆಚೆ ಕೂರ್ಸಿ ಬಾಗಿಲು ಹಾಕ್ಕೊಂಡ್ರು, ಮುಕ್ಕಾಲು ಗಂಟೆ ಆದ್ಮೇಲೆ ಬಂದು "ವಯಸ್ಸಿಗೆ ಬಂದ ಹುಡುಗ್ರು ಹಿಂಗೇ ಮೇಡಂ, ಬಿಹೇವಿಯರ್ ಪ್ರಾಬ್ಲಮ್ಮು, ಇಪ್ಪತ್ತು ಸೆಷನ್ ಆಗ್ಲಿ ನೋಡಣ" ಅಂದ್ರು. ಒಳಗೆ ಏನ್ ಮಾಡಿದ್ರಿ ಅಂತ ಕೇಳಿದ್ದಕ್ಕೆ ಫೈಲ್ ತೋರ್ಸಿದ್ರು, ಅದರಲ್ಲಿ ಟಿಕ್ ಮಾರ್ಕ್ ಬಿಟ್ರೆ ಏನಿಲ್ಲ.

ಒಂದಿನ ರಾತ್ರಿ ಒಂದೂವರೆಗೆ ತುಟಿ ಒಡ್ಕೊಂಡು ರಕ್ತ. ಅಮ್ಮ ಅಳ್ತಾ ಕೂತಿದ್ರು, ಪಕ್ಕದ ಮನೆ ಲೈಟ್ ಬೇರೆ ಹತ್ತಿತು, ಬೆಳಗ್ಗೆ ಅವರಿಗೆ ಏನು ಹೇಳೋದು ಅನ್ನೋದೇ ಒಂದು ಟೆನ್ಷನ್. ಸರ್ಕಾರಿ ಆಸ್ಪತ್ರೆ ಗೋಡೆ ಮೇಲೆ ನೋಡಿದ್ದ 14416 ನೆನಪಾಯ್ತು, ಒತ್ತಿದೆ. ಭಾಷೆ ಕೇಳತ್ತೆ, ಕನ್ನಡ ಆರಿಸ್ಕೊಂಡ್ರೆ ಕನ್ನಡದೋರೇ ಸಿಗ್ತಾರೆ.

ಫೋನ್ ತಗೊಂಡ ಹುಡುಗಿ ಮೊದಲು ಕೇಳಿದ್ದು ಕಾಯಿಲೆ ಹೆಸರಲ್ಲ. "ಈಗ ಹೊಡ್ಕೋತಾ ಇದಾರಾ? ಪಕ್ಕದಲ್ಲಿ ಯಾರಿದಾರೆ?" ಅಂದ್ಲು. ಕೈ ಎಳೀಬೇಡಿ, ಕೆನ್ನೆಗೂ ಕೈಗೂ ಮಧ್ಯೆ ದಿಂಬು ಇಡಿ, ದೊಡ್ಡ ಲೈಟ್ ಆರಿಸಿ, ಒಬ್ರೇ ಮಾತಾಡಿ, ಅದೂ ಒಂದೆರಡೇ ಮಾತು. ನಾವು ಅಷ್ಟೊತ್ತು ಮೂರೂ ಜನ ಒಟ್ಟಿಗೆ ಕೂಗಾಡ್ತಿದ್ವಿ! ಸ್ವಲ್ಪ ತಣ್ಣಗಾದ. ಆಮೇಲೆ ಶುರುವಾಯ್ತು ಪ್ರಶ್ನೆ: ಯಾವಾಗಿಂದ, ಜ್ವರ ಇದೆಯಾ, ಕಿವಿ ಮುಟ್ಟಿದ್ರೆ ಬಿಡ್ತಾರಾ, ಹಲ್ಲು ನೋಡ್ಸಿದೀರಾ, ಮೋಷನ್ ಸರಿ ಇದೆಯಾ, ಹೊಸ ಮಾತ್ರೆ ಏನಾದ್ರೂ? ಮಾತು ಬರದೋರಲ್ಲಿ ಇದ್ದಕ್ಕಿದ್ದಂಗೆ ಇಂಥದ್ದು ಬಂದ್ರೆ ಮೊದಲು ಮೈಯಲ್ಲಿ ಎಲ್ಲಾದ್ರೂ ನೋವಿದೆಯಾ ಅಂತ ಡಾಕ್ಟರ್ ಹತ್ರ ನೋಡಿಸ್ಬೇಕು ಮೇಡಂ ಅಂದ್ಲು. ಬೇಕಂದ್ರೆ ಸೈಕಿಯಾಟ್ರಿಸ್ಟ್‌ಗೆ ಕನೆಕ್ಟ್ ಮಾಡ್ತೀವಿ, ಈಗ ತಗೋತಿರೋ ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ ಅಂತಾನೂ ಹೇಳಿದ್ಲು. ಡಾಕ್ಟರ್‌ಗೆ ತೋರ್ಸೋಕೆ ಇರ್ಲಿ, ಪ್ರತಿ ಸಲ ಮೂರು ವಿಷಯ ಬರೆದಿಡಿ ಅಂದ್ಲು, ಹೊಡ್ಕೊಳೋ ಮುಂಚೆ ಏನಾಯ್ತು, ಏನ್ ಮಾಡಿದ್ರು, ಆಮೇಲೆ ನೀವೇನ್ ಮಾಡಿದ್ರಿ.

ಬರಿಯೋಕೆ ಕೈಗೆ ಸಿಕ್ಕಿದ್ದು ಅಮ್ಮನ ಹಾಲಿನ ಲೆಕ್ಕದ ಪುಸ್ತಕ. ಊರಿನ ಡಾಕ್ಟರ್ ಬೆಳಗ್ಗೆ ಕಿವಿ ನೋಡಿ ಸರಿಯಿದೆ ಅಂದ್ರು, ಬಾಯಿ ಮಾತ್ರ ಇವನು ತೆಗೀಲಿಲ್ಲ. ನಾಲ್ಕು ದಿನ ಬರೆದ್ವಿ. ಐದನೇ ದಿನ ಬೆಳಗ್ಗೆ ಕಾಫಿ ಕುಡೀತಾ ತಿರುವಿ ಹಾಕಿದ್ರೆ ಕಣ್ಣಿಗೆ ಹೊಡೆಯೋ ಹಂಗಿದೆ: ಮುದ್ದೆ ಮಾಡಿದ ದಿನ ಹುಡುಗ ಸುಮ್ನೆ, ಚಪಾತಿ ಮಾಡಿದ ದಿನ ಗಲಾಟೆ. ಮುದ್ದೆ ನುಂಗೋದಲ್ವಾ, ಅಗಿಯೋ ಹಂಗಿಲ್ಲ! ರಾತ್ರಿ ಹೊಡ್ಕೊಂಡಿದ್ದ ದಿನಾನೂ ಸಾಯಂಕಾಲ ಕೋಡುಬಳೆ ತಿಂದಿದ್ದ. ಹಲ್ಲಿನ ಡಾಕ್ಟರ್ ಹತ್ರ ಹೋದ್ವಿ, ಎಡಗಡೆ ಕೆಳಗೆ ಕೊನೇ ದವಡೆ ಹಲ್ಲು ಕೊಳೆತು ಕೀವು ತುಂಬಿತ್ತು. ವಾರಗಟ್ಲೆ ಆ ನೋವಿಟ್ಕೊಂಡು ಇದ್ದ ಅನ್ನೋದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ, ಇಪ್ಪತ್ತು ಸೆಷನ್ ಅಂತೆ.

ಟೆಲಿ ಮಾನಸ್ ಬಗ್ಗೆ ಗೊತ್ತಿಲ್ಲದೋರಿಗೆ: ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್‌ನೋರು ಮುಂದೆ ನಿಂತು ನಡೆಸ್ತಾರೆ. ಫ್ರೀ, 24 ಗಂಟೆ. ಇನ್ನೊಂದು ನಂಬರ್ 1800-891-4416. ಆತ್ಮಹತ್ಯೆ ಯೋಚನೆ ಬಂದೋರಿಗೆ ಮಾತ್ರ ಅಂತ ನಾನು ತಿಳ್ಕೊಂಡಿದ್ದೆ, ಹಂಗೇನಿಲ್ಲ, ನೋಡ್ಕೊಳೋರೂ ಮಾಡ್ಬಹುದು. ಕಾಲ್ ಕೊನೇಲಿ "ನೀವು ಊಟ ಮಾಡಿದ್ರಾ, ಅಮ್ಮ ಯಾವಾಗ ನಿದ್ದೆ ಮಾಡಿದ್ದು" ಅಂತ ಕೇಳಿದ್ಲು ನೋಡಿ, ನಂಗೆ ಉತ್ತರ ಕೊಡೋಕೆ ಆಗ್ಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ.

ಐದರಲ್ಲಿ ಒಂದು ಸ್ಟಾರ್ ಯಾಕೆ ಕಮ್ಮಿ ಕೊಡ್ತೀನಿ ಅಂದ್ರೆ ಫೋನ್ ಫೋನೇ. ಮಾತು ಕಲ್ಸೋದು, ದಿನಾ ಹಗಲು ಅವನನ್ನ ಎಲ್ಲಾದ್ರೂ ಕೂರ್ಸಿ ಒಂದು ಕೆಲಸ ಕೊಡೋದು, ಅದೆಲ್ಲ ಎದುರಿಗೆ ಜನ ಇದ್ರೇನೇ ಆಗೋದು, ದೊಡ್ಡ ಹುಡುಗ್ರಿಗೆ ನಮ್ಮಂಥ ಊರಲ್ಲಿ ಅಂಥ ಜಾಗ ಹುಡುಕ್ಕೊಂಡು ಹೋಗ್ಬೇಕು.

ಈ ಓಡಾಟದಲ್ಲಿ ಗೊತ್ತಾಗಿದ್ದು ಇನ್ನೊಂದು, ನಿರಾಮಯ ಇನ್ಶೂರೆನ್ಸ್. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಕಲತೆ ಇರೋರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನದ್ದು, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಗೂ ಸ್ವಲ್ಪ ಇದೆ. ನಾವು ಮಾಡ್ಸೇ ಇರ್ಲಿಲ್ಲ, ಹಲ್ಲಿನ ಖರ್ಚೆಲ್ಲ ಕೈಯಿಂದಾನೇ ಹೋಯ್ತು. ಹಂಗೇ 18 ತುಂಬಿದ ಮೇಲೆ ಅವರ ಪರವಾಗಿ ಕಾಗದ ಪತ್ರಕ್ಕೆ ಸಹಿ ಹಾಕೋಕೆ ತಾಯಿ ಅಂದ್ರಷ್ಟೇ ಸಾಲಲ್ಲ, ಇದೇ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಇರೋ ಜಿಲ್ಲಾ ಸಮಿತಿಯಿಂದ ಪೋಷಕತ್ವದ ಆರ್ಡರ್ ಮಾಡಿಸ್ಕೋಬೇಕು. ನಮ್ಮ ಅರ್ಜಿ ಇನ್ನೂ ಮೇಜಿನ ಮೇಲೇ ಇದೆ, ಸೋಂಬೇರಿತನ ನಮ್ಮದೇ.

ಹಲ್ಲು ತೆಗೆಸಿ ಎರಡು ತಿಂಗಳಾಯ್ತು, ಕೆನ್ನೆಗೆ ಹೊಡ್ಕೊಂಡಿಲ್ಲ. ಆದ್ರೂ ಅಮ್ಮ ಬರೆಯೋದು ಬಿಟ್ಟಿಲ್ಲ. ನಿನ್ನೆ ಪುಸ್ತಕ ತೆಗೆದು ನೋಡಿದ್ರೆ "ಹಾಲು ಒಂದು ಲೀಟರ್, ಮಗ ಚಪಾತಿ ಮೂರು, ಸುಮ್ನಿದ್ದ" ಅಂತಿದೆ.