ಸಿಂಗಪುರದ ಯೂನಿವರ್ಸಲ್, ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡ್: ಬೆಂಗಳೂರಿನ ಕುಟುಂಬಕ್ಕೆ ಯಾವುದು ಸರಿ?

ಬೆಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ವಿದೇಶದ ಥೀಮ್ ಪಾರ್ಕಿಗೆ ಹೋಗಿಬರಬೇಕು ಎಂದು ಲೆಕ್ಕ ಹಾಕುವವರು ಕೊನೆಗೆ ಬಂದು ನಿಲ್ಲುವುದು ಸಾಮಾನ್ಯವಾಗಿ ಎರಡು ಹೆಸರುಗಳ ಮುಂದೆ. ಒಂದು ಸಿಂಗಪುರದ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್, ಇನ್ನೊಂದು ಲಾಂಟಾವ್ ದ್ವೀಪದಲ್ಲಿರುವ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್. ಎರಡು ಊರಿಗೂ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನೇರ ವಿಮಾನವಿದೆ. ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣವಾದರೆ ಹಾಂಗ್‌ಕಾಂಗ್‌ಗೆ ಇನ್ನೊಂದು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಎರಡೂ ಕಡೆ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಆ ವಿಷಯದಲ್ಲಿ ಆಯ್ಕೆಯೇನೂ ಇಲ್ಲ. 2024ರ ಕ್ರಿಸ್‌ಮಸ್ ರಜೆಯಲ್ಲಿ ನಾವು ಹಾಂಗ್‌ಕಾಂಗ್‌ಗೆ ಎಲ್ಲವನ್ನೂ ಸ್ವತಃ ಬುಕ್ ಮಾಡಿಕೊಂಡು ಹೋದೆವು. 2025ರ ಬೇಸಿಗೆ ರಜೆಯಲ್ಲಿ ಅಪಾರ್ಟ್‌ಮೆಂಟಿನ ಇತರ ಕುಟುಂಬಗಳ ಜೊತೆ ಸೇರಿ, ನಗರದ ಟ್ರಾವೆಲ್ ಏಜೆನ್ಸಿಯೊಂದರ ಪ್ಯಾಕೇಜಿನಲ್ಲಿ ಸಿಂಗಪುರಕ್ಕೆ ಹೋದೆವು. ಹೀಗಾಗಿ ಪಾರ್ಕುಗಳ ಜೊತೆಗೆ ಬುಕಿಂಗಿನ ಎರಡು ಬಗೆಗಳನ್ನೂ ಹೋಲಿಸಿ ನೋಡಲು ಅವಕಾಶವಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಿಂಗಪುರದಲ್ಲಿ ಪಾರ್ಕು ಎಂಬುದು ನಗರ ಪ್ರವಾಸದ ನಡುವಿನ ಒಂದು ದಿನ, ಹಾಂಗ್‌ಕಾಂಗ್‌ನಲ್ಲಿ ಮಕ್ಕಳಿರುವ ಮನೆಗೆ ಪಾರ್ಕೇ ಪ್ರವಾಸ. ಎಲ್ಲಿ ಉಳಿಯಬೇಕು, ಎಷ್ಟು ದಿನ ಇಡಬೇಕು, ಯಾರ ಮೂಲಕ ಬುಕ್ ಮಾಡಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಕಾಗದಪತ್ರದ ವಿಷಯದಲ್ಲಿ ಹಾಂಗ್‌ಕಾಂಗ್ ಸುಲಭ ಮತ್ತು ಅಗ್ಗ. ಹದಿನಾಲ್ಕು ದಿನಗಳೊಳಗಿನ ಭೇಟಿಗೆ ಭಾರತೀಯರಿಗೆ ವೀಸಾ ಬೇಕಿಲ್ಲ. ಅದರ ಬದಲು ಆನ್‌ಲೈನಿನಲ್ಲಿ ಮುಂಗಡ ನೋಂದಣಿ ಮಾಡಿಕೊಳ್ಳಬೇಕು. 2017ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಶುಲ್ಕವಿಲ್ಲ, ಒಮ್ಮೆ ಮಾಡಿದರೆ ಆರು ತಿಂಗಳು ನಡೆಯುತ್ತದೆ, ಉತ್ತರವೂ ಬಹುತೇಕ ಕೂಡಲೇ ಬರುತ್ತದೆ. ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಅರ್ಜಿ ತುಂಬಿ, ಬಂದ ಚೀಟಿಯನ್ನು ಬಿಳಿ ಹಾಳೆಯಲ್ಲಿ ಮುದ್ರಿಸಿ, ಸಹಿ ಹಾಕಿ ಇಟ್ಟುಕೊಳ್ಳಬೇಕು. ಬೆಂಗಳೂರಿನ ಚೆಕ್‌-ಇನ್ ಕೌಂಟರಿನಲ್ಲೇ ಅದನ್ನು ಕೇಳುತ್ತಾರೆ. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಮತ್ತು ಅಲ್ಲಿ ಪರಿಚಯದವರು ಇಲ್ಲದಿದ್ದರೆ ಅಧಿಕೃತ ವೀಸಾ ಏಜೆಂಟರ ಮೂಲಕವೇ ಅರ್ಜಿ ಹಾಕಬೇಕು. ಸರ್ಕಾರಿ ಶುಲ್ಕ ತಲೆಗೆ 30 ಸಿಂಗಪುರ ಡಾಲರ್, ಅದರ ಮೇಲೆ ಏಜೆಂಟರ ಸೇವಾ ಶುಲ್ಕ. ಇದಲ್ಲದೆ ಹೊರಡುವ ಮುನ್ನ, ತಲುಪುವ ದಿನವೂ ಸೇರಿ ಮೂರು ದಿನಗಳೊಳಗೆ, ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಇದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಬೇಕು.

ಹೆಸರಿನ ತೊಡಕು ಮಾತ್ರ ಎರಡೂ ಕಡೆ ಒಂದೇ, ಮತ್ತು ಅದು ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವಂಥದ್ದು. ಹಳೆಯ ಪಾಸ್‌ಪೋರ್ಟುಗಳಲ್ಲಿ ಹಿರಿಯರ ಪೂರ್ತಿ ಹೆಸರು ಒಂದೇ ಕಡೆ ಮುದ್ರಣವಾಗಿ, ಕುಟುಂಬದ ಹೆಸರಿನ ಜಾಗ ಖಾಲಿ ಇರುತ್ತದೆ. ವಿಮಾನ ಕಂಪನಿಗಳ ತಾಣಗಳು ಆ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಕೆಲವು ಇದ್ದ ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತವೆ, ಕೆಲವಕ್ಕೆ ಬೇರೆಯೇ ನಿಯಮವಿದೆ. ನನ್ನ ತಾಯಿಯವರ ಟಿಕೆಟ್ ಮಾಡುವ ಮುನ್ನ ಆಯಾ ಕಂಪನಿಗೆ ಫೋನ್ ಮಾಡಿ ಕೇಳಿಕೊಂಡೇ ತುಂಬಿದೆ. ನೋಂದಣಿ ಮತ್ತು ವೀಸಾ ಅರ್ಜಿಗಳಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರ ಆಚೀಚೆ ಆಗದಂತೆ ಬರೆಯಬೇಕು.

ಇನ್ನು ಪಾರ್ಕುಗಳ ವಿಷಯಕ್ಕೆ ಬರೋಣ. ಮಕ್ಕಳಿರುವ ಮನೆಯಲ್ಲಿ ಹೋಲಿಕೆ ಶುರುವಾಗಬೇಕಾದದ್ದು ಸೆಂಟಿಮೀಟರಿನಿಂದ. ಟಿಕೆಟ್ ದರ ವಯಸ್ಸಿಗೆ ತಕ್ಕಂತೆ ಇರುತ್ತದೆ, ಆದರೆ ಒಳಗೆ ಹೋದ ಮೇಲೆ ಯಾರು ಯಾವುದರಲ್ಲಿ ಕೂರಬಹುದು ಎಂಬುದನ್ನು ಎತ್ತರವೇ ನಿರ್ಧರಿಸುತ್ತದೆ. ಹಾಂಗ್‌ಕಾಂಗ್‌ನಲ್ಲಿ ಹೈಪರ್‌ಸ್ಪೇಸ್ ಮೌಂಟನ್‌ಗೆ 102 ಸೆಂಟಿಮೀಟರ್, ಗಣಿಯ ಗಾಡಿಯಂತಿರುವ ಬಿಗ್ ಗ್ರಿಜ್ಲಿ ಮೌಂಟನ್‌ಗೆ 112, ಆರ್‌ಸಿ ರೇಸರ್‌ಗೆ 120 ಇರಬೇಕು. ಒಂದನೇ ತರಗತಿಯಲ್ಲಿದ್ದ ನಮ್ಮ ಮಗಳಿಗೆ ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲವೂ ಸಿಕ್ಕವು. ಗ್ರಿಜ್ಲಿಯ ಬಾಗಿಲಲ್ಲಿ ಸಿಬ್ಬಂದಿಯ ಹುಡುಗಿ ಅವಳ ಹಿಮ್ಮಡಿಯನ್ನು ಕಂಬಕ್ಕೆ ತಾಗಿಸಿ ನಿಲ್ಲಿಸಿ, ನೆತ್ತಿಯ ಮೇಲಿನ ಜುಟ್ಟನ್ನು ಅಂಗೈಯಿಂದ ಒತ್ತಿ ಹಿಡಿದು ಅಳೆದಳು. ತಲೆ ಗೆರೆಯನ್ನು ದಾಟಿದ್ದು ಒಂದು ಬೆರಳಿನಷ್ಟು. ಆ ಗಾಡಿ ಗುಡ್ಡದ ನಡುವೆ ನಿಂತು ಇದ್ದಕ್ಕಿದ್ದಂತೆ ಹಿಂದಕ್ಕೆ ಓಡುತ್ತದೆ ಎಂಬುದನ್ನು ಹತ್ತುವವರಿಗೆ ಮೊದಲೇ ಹೇಳುವುದು ಒಳ್ಳೆಯದು. ಸಿಂಗಪುರದಲ್ಲಿ ಟ್ರಾನ್ಸ್‌ಫಾರ್ಮರ್ಸ್‌ಗೆ 102, ಜುರಾಸಿಕ್ ಪಾರ್ಕ್ ನೀರಿನ ರೈಡಿಗೆ 107 ಸಾಕು. ಆದರೆ ಆ ಪಾರ್ಕಿನ ನಿಜವಾದ ಆಕರ್ಷಣೆಗಳಾದ ಮಮ್ಮಿ ಮತ್ತು ಸೈಲಾನ್ ರೋಲರ್ ಕೋಸ್ಟರ್‌ಗಳಿಗೆ ಕ್ರಮವಾಗಿ 122 ಮತ್ತು 125 ಬೇಕು. ಅಲ್ಲಿ ಮಗಳಿಗೆ ಸೆಸಮಿ ಸ್ಟ್ರೀಟ್ ಮತ್ತು 2025ರ ಫೆಬ್ರುವರಿಯಲ್ಲಿ ತೆರೆದ ಮಿನಿಯನ್ ಲ್ಯಾಂಡ್ ಸಾಕಾಯಿತು, ಆದರೆ ಏಳನೇ ತರಗತಿಯ ಮಗನಿಗೆ ಮಾತ್ರ ಅದು ಹಬ್ಬ. ಹಾಂಗ್‌ಕಾಂಗ್‌ನಲ್ಲಿ ಅವನು ಎರಡನೆಯ ದಿನದ ಮಧ್ಯಾಹ್ನಕ್ಕೇ 'ಇನ್ನೇನಿದೆ?' ಎಂದು ಕೇಳತೊಡಗಿದ್ದ.

ಹಿರಿಯರ ದೃಷ್ಟಿಯಿಂದ ನೋಡಿದರೆ ಡಿಸ್ನಿಲ್ಯಾಂಡಿಗೆ ಸರಿಸಾಟಿಯಿಲ್ಲ. ಅರವತ್ತು ದಾಟಿದವರಿಗೆ ಒಂದು ದಿನದ ಟಿಕೆಟ್ ಬರೀ 100 ಹಾಂಗ್‌ಕಾಂಗ್ ಡಾಲರ್. ವಯಸ್ಕರ ದರಕ್ಕೆ ಹೋಲಿಸಿದರೆ ಅದು ನಾಮಮಾತ್ರ. ಅದಕ್ಕಿಂತ ಮುಖ್ಯವಾಗಿ, ಹತ್ತಿ ಇಳಿಯುವುದಕ್ಕೆ ಸುಲಭವಾದ, ಎದೆ ಝಲ್ಲೆನ್ನಿಸದ ಸವಾರಿಗಳು ಅಲ್ಲಿ ಸಾಕಷ್ಟಿವೆ. 2013ರಲ್ಲಿ ಆರಂಭವಾದ ಮಿಸ್ಟಿಕ್ ಮ್ಯಾನರ್‌ನಲ್ಲಿ ಹಳಿಗಳೇ ಇಲ್ಲದ ಗಾಡಿಯಲ್ಲಿ ಕುಳಿತು ವಸ್ತುಸಂಗ್ರಹಾಲಯವೊಂದರ ಕೋಣೆಗಳಲ್ಲಿ ಸುತ್ತುತ್ತೇವೆ. ಅಮ್ಮ ಅದನ್ನು ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿದಷ್ಟೇ ಶ್ರದ್ಧೆಯಿಂದ ನೋಡಿ, ಇನ್ನೊಮ್ಮೆ ಹೋಗೋಣ ಎಂದರು. ಯೂನಿವರ್ಸಲ್‌ನಲ್ಲಿ ಅವರಿಗೆ ಹೆಚ್ಚಿನ ಸಮಯ ಬೆಂಚಿನ ಮೇಲೆ ಕಳೆಯಿತು. ಸೆಂಟೋಸಾಕ್ಕೆ ಹೋಗುವ ಹಿರಿಯರನ್ನು ಪಾರ್ಕಿಗೆ ಒತ್ತಾಯಿಸದೆ, ಆ ದಿನವನ್ನು ಅವರ ಇಷ್ಟಕ್ಕೆ ಬಿಡುವುದು ಲೇಸು.

ಕ್ಯೂ ತಪ್ಪಿಸುವ ಟಿಕೆಟಿನ ವಿಷಯ ಬಿಡದಿಯ ವಂಡರ್‌ಲಾದ ಫಾಸ್ಟ್‌ಟ್ರ್ಯಾಕ್ ಕಂಡವರಿಗೆ ಹೊಸದಲ್ಲ. ಯೂನಿವರ್ಸಲ್‌ನಲ್ಲಿ ಅದರ ಹೆಸರು ಎಕ್ಸ್‌ಪ್ರೆಸ್, ಡಿಸ್ನಿಯಲ್ಲಿ ಪ್ರೀಮಿಯರ್ ಆ್ಯಕ್ಸೆಸ್. ಎರಡಕ್ಕೂ ಪ್ರವೇಶ ಟಿಕೆಟಿನ ಮೇಲೆ ಪ್ರತ್ಯೇಕ ಹಣ, ಮತ್ತು ಜನ ಹೆಚ್ಚಿರುವ ದಿನ ಬೆಲೆಯೂ ಹೆಚ್ಚು. ಸಿಂಗಪುರದಲ್ಲಿ ರಜೆಯ ದಿನವಾದರೆ ಅದನ್ನು ಕೊಳ್ಳುವುದೇ ಮೇಲು, ಏಕೆಂದರೆ ಪಾರ್ಕು ಚಿಕ್ಕದು, ದೊಡ್ಡ ರೈಡುಗಳು ಕೈಬೆರಳಲ್ಲಿ ಎಣಿಸುವಷ್ಟು, ಬಂದವರೆಲ್ಲ ಅವುಗಳ ಮುಂದೆಯೇ ನಿಲ್ಲುತ್ತಾರೆ. ಮಗ ಒಬ್ಬನೇ ಕೂರಲು ಸಿದ್ಧನಿದ್ದುದರಿಂದ ಅವನಿಗೆ ಒಂಟಿ ಸವಾರರ ಸಾಲಿನಲ್ಲಿ ಬೇಗ ಜಾಗ ಸಿಕ್ಕಿತು. ದೊಡ್ಡ ಮಕ್ಕಳಿರುವವರು ಇದನ್ನು ನೆನಪಿಡಬಹುದು. ಹಾಂಗ್‌ಕಾಂಗ್‌ನಲ್ಲಿ ನಾವು ಹೆಚ್ಚುವರಿ ಹಣ ಕೊಡಲಿಲ್ಲ. 2023ರ ನವೆಂಬರಿನಲ್ಲಿ ತೆರೆದ ಫ್ರೋಜನ್ ಭಾಗದ ದೋಣಿ ಸವಾರಿಗೇ ಅತಿ ಉದ್ದದ ಸಾಲು ಇರುವುದರಿಂದ, ಬಾಗಿಲು ತೆರೆದ ಕೂಡಲೇ ನೇರವಾಗಿ ಅಲ್ಲಿಗೆ ಹೋಗಿ ಅದನ್ನು ಮುಗಿಸಿಕೊಂಡೆವು. ಸಂಜೆಯ ವಿಷಯದಲ್ಲೂ ಅಂತರವಿದೆ. ನಾವು ಹೋದ ದಿನ ಯೂನಿವರ್ಸಲ್ ಏಳು ಗಂಟೆಗೆ ಮುಚ್ಚಿತು. ಡಿಸ್ನಿಯಲ್ಲಿ ಕತ್ತಲಾದ ಮೇಲೆ ಕೋಟೆಯ ಮೇಲೆ ಬೆಳಕು, ಚಿತ್ರ, ಬಾಣಬಿರುಸುಗಳ ಪ್ರದರ್ಶನ ನಡೆಯುತ್ತದೆ. ಅದನ್ನು ನೋಡದೆ ಹೊರಬಂದರೆ ಟಿಕೆಟಿನ ಅರ್ಧ ಹಣವನ್ನು ಅಲ್ಲೇ ಬಿಟ್ಟು ಬಂದಂತೆ.

ಪ್ಯಾಕೇಜು ಸೋಲುವುದು ಇಲ್ಲಿಯೇ. ಏಜೆನ್ಸಿಯ ಕಾಗದದಲ್ಲಿ ಯೂನಿವರ್ಸಲ್‌ಗೆ 'ಪೂರ್ತಿ ದಿನ' ಎಂದಿತ್ತು, ಮತ್ತು ಸಾರಿಗೆ 'ಎಸ್‌ಐಸಿ' ಎಂದು ಸಣ್ಣಕ್ಷರದಲ್ಲಿತ್ತು. ಎಂದರೆ ಬೇರೆ ಬೇರೆ ಹೋಟೆಲುಗಳ ಪ್ರವಾಸಿಗರನ್ನು ಒಂದೇ ಬಸ್ಸಿಗೆ ತುಂಬುವ ಏರ್ಪಾಡು. ಬೆಳಿಗ್ಗೆ ಒಂಬತ್ತೂವರೆಗೆ ಬಂದ ಬಸ್ಸು ಹೋಟೆಲಿನಿಂದ ಹೋಟೆಲಿಗೆ ಅಲೆದು ಸೆಂಟೋಸಾ ತಲುಪುವಾಗ ಹನ್ನೊಂದು ದಾಟಿತ್ತು. ಸಂಜೆ ಐದೂವರೆಗೆ ಮತ್ತೆ ಬಸ್ಸು ಹತ್ತಬೇಕು, ಏಕೆಂದರೆ ಲಿಟ್ಲ್ ಇಂಡಿಯಾದ ಹೋಟೆಲೊಂದರಲ್ಲಿ ಊಟ ಕಾಯ್ದಿರಿಸಲಾಗಿದೆ. ಸಾಲು ಚಿಕ್ಕದಿರುವ ಮೊದಲ ಗಂಟೆ ಹೋಯಿತು, ಬಿಸಿಲಿಳಿದ ಕೊನೆಯ ಗಂಟೆಯೂ ಹೋಯಿತು. ವ್ಯವಸ್ಥಾಪಕರನ್ನು ಕೇಳಿದಾಗ ಟಿಕೆಟ್ ಪೂರ್ತಿ ದಿನದ್ದೇ ಸರ್ ಎಂಬ ಉತ್ತರ ಬಂತು. ಪ್ಯಾಕೇಜು ಕೊಳ್ಳುವವರು ಪಾರ್ಕಿನ ದಿನಕ್ಕೆ ಮಾತ್ರ ಸಾರಿಗೆಯನ್ನು ತೆಗೆಸಿ, ಟಿಕೆಟನ್ನಷ್ಟೇ ಪಡೆದು, ಸ್ವಂತವಾಗಿ ಹೋಗುವುದು ವಾಸಿ. ಲಿಟ್ಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ಹಾರ್ಬರ್‌ಫ್ರಂಟ್‌ಗೆ ಹೋಗಬಹುದು. ಅಲ್ಲಿನ ವಿವೋಸಿಟಿ ಮಾಲಿನ ಮೂರನೆಯ ಮಹಡಿಯಿಂದ ಸೆಂಟೋಸಾದ ಪುಟ್ಟ ರೈಲು ಹೊರಡುತ್ತದೆ.

ಪ್ಯಾಕೇಜಿನ ಪರವಾಗಿ ಹೇಳಬೇಕಾದದ್ದೂ ಇದೆ. ವೀಸಾ ಅವರೇ ಮಾಡಿಸಿದರು, ಊಟದ ಚಿಂತೆ ಇರಲಿಲ್ಲ, ಅಮ್ಮನಿಗೆ ಮಾತಿಗೆ ನಾಲ್ಕು ಜನ ಜೊತೆಗಿದ್ದರು. ಹಣದ ಲೆಕ್ಕ ಮಾತ್ರ ಎಚ್ಚರಿಕೆಯಿಂದ ನೋಡಬೇಕು. ಜಾಹೀರಾತಿನ ಮೊತ್ತದ ಮೇಲೆ ಶೇಕಡ 5 ಜಿಎಸ್‌ಟಿ, ಅದರ ಮೇಲೆ ಟಿಸಿಎಸ್, ಎಂದರೆ ಹಣ ಪಡೆಯುವಾಗಲೇ ಏಜೆನ್ಸಿ ವಸೂಲಿ ಮಾಡುವ ಆದಾಯ ತೆರಿಗೆ, ಸೇರುತ್ತದೆ. ನಾವು ಹೋದ ವರ್ಷ ಹತ್ತು ಲಕ್ಷ ರೂಪಾಯಿವರೆಗೆ ಟಿಸಿಎಸ್ ದರ ಶೇಕಡ 5 ಇತ್ತು. ಈ ಎರಡನೆಯದು ಖರ್ಚಲ್ಲ, ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಜಮೆಯಾಗಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮನೆಯಲ್ಲಿ ತೆರಿಗೆ ಕಟ್ಟುವವರ ಪ್ಯಾನ್ ಕೊಟ್ಟೇ ಬುಕ್ ಮಾಡಬೇಕು. ಸ್ವಂತ ಬುಕಿಂಗಿನಲ್ಲಿ ಬೇರೆ ಬಗೆಯ ಸೋರಿಕೆ ಇರುತ್ತದೆ. ಅನೇಕ ಕ್ರೆಡಿಟ್ ಕಾರ್ಡುಗಳು ವಿದೇಶಿ ಪಾವತಿಯ ಮೇಲೆ ಶೇಕಡ 3.5ರಷ್ಟು ಹಿಡಿದು, ಆ ಮೊತ್ತಕ್ಕೆ ಜಿಎಸ್‌ಟಿಯನ್ನೂ ಸೇರಿಸುತ್ತವೆ. ಪಾವತಿಯ ಯಂತ್ರ 'ರೂಪಾಯಿಯೋ, ಸ್ಥಳೀಯ ಹಣವೋ' ಎಂದು ಕೇಳಿದಾಗ ಸ್ಥಳೀಯ ಹಣವನ್ನೇ ಒತ್ತಬೇಕು. ರೂಪಾಯಿ ಒತ್ತಿದರೆ ಅವರ ದರದಲ್ಲಿ ನಮಗೆ ನಷ್ಟ.

ವಸತಿಯ ವಿಷಯದಲ್ಲಿ ಹಾಂಗ್‌ಕಾಂಗ್‌ಗೆ ಹೋಗುವವರಿಗೆ ನನ್ನ ಸಲಹೆ ಲಾಂಟಾವ್ ದ್ವೀಪದಲ್ಲೇ ಇರುವ ತುಂಗ್ ಚುಂಗ್. ಡಿಸ್ನಿಯ ಸ್ವಂತ ಹೋಟೆಲುಗಳು ಚೆನ್ನಾಗಿವೆ, ಬೆಲೆ ಕೈಗೆಟುಕುವುದಿಲ್ಲ. ಕೌಲೂನ್ ಕಡೆ ಉಳಿದರೆ ಭಾರತೀಯ ಊಟ ಹತ್ತಿರ, ಆದರೆ ಪಾರ್ಕಿಗೆ ಹೋಗಿಬರಲು ಲಾಯ್ ಕಿಂಗ್ ಮತ್ತು ಸನ್ನಿ ಬೇ ಎರಡು ಕಡೆ ರೈಲು ಬದಲಾಯಿಸಬೇಕು. ರಾತ್ರಿ ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಅದು ಸುಲಭವಲ್ಲ. ತುಂಗ್ ಚುಂಗ್‌ನಿಂದ ಸನ್ನಿ ಬೇ ಒಂದೇ ನಿಲ್ದಾಣ. ಅಲ್ಲಿಂದ ಮಿಕ್ಕಿ ಆಕಾರದ ಕಿಟಕಿಗಳಿರುವ ರೈಲು ನೇರ ಪಾರ್ಕಿಗೆ. ವಿಮಾನ ನಿಲ್ದಾಣವೂ ಪಕ್ಕದಲ್ಲೇ, ಬೃಹತ್ ಬುದ್ಧನ ಬೆಟ್ಟಕ್ಕೆ ಹೋಗುವ ಕೇಬಲ್ ಕಾರೂ ಅಲ್ಲಿಂದಲೇ. ಊಟದಲ್ಲಿ ಮಾತ್ರ ಸಿಂಗಪುರವೇ ಗೆಲ್ಲುತ್ತದೆ, ಅದರಲ್ಲಿ ಚರ್ಚೆಯೇ ಇಲ್ಲ. ಸೆರಂಗೂನ್ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂಟಿಆರ್ ಇರುವಾಗ ಸಸ್ಯಾಹಾರಿಗಳಿಗೆ ಬೇರೆ ಯೋಚನೆ ಬೇಡ. ಹಾಂಗ್‌ಕಾಂಗ್ ಪಾರ್ಕಿನೊಳಗೆ ಸಸ್ಯಾಹಾರ ಸಿಗುತ್ತದೆ, ಆದರೆ ಹುಡುಕಿ, ಕೇಳಿ ತಿನ್ನಬೇಕು.

ತಿಂಗಳ ಆಯ್ಕೆಯಲ್ಲಿ ಬೆಂಗಳೂರಿನವರು ಗಮನಿಸಬೇಕಾದ ಒಂದು ಸಂಗತಿ ಇದೆ. ನಮ್ಮ ದಸರಾ ರಜೆಗೂ ಅಕ್ಟೋಬರ್ ಒಂದರಿಂದ ಚೀನಾದಲ್ಲಿ ಶುರುವಾಗುವ ರಾಷ್ಟ್ರೀಯ ದಿನದ ವಾರದ ರಜೆಗೂ ಹಲವು ವರ್ಷ ತಾಳೆಯಾಗುತ್ತದೆ. 2025ರಲ್ಲಿ ವಿಜಯದಶಮಿ ಬಂದದ್ದು ಅಕ್ಟೋಬರ್ ಎರಡಕ್ಕೆ. ಆ ವಾರ ಹಾಂಗ್‌ಕಾಂಗ್ ಬೇಡವೇ ಬೇಡ. ಡಿಸೆಂಬರಿನಲ್ಲಿ ಜನ ಇರುತ್ತಾರೆ, ಆದರೆ ಹವೆ ನಮ್ಮ ಮಾಗಿಯಂತೆ ಹಿತವಾಗಿರುತ್ತದೆ, ಒಂದು ಸ್ವೆಟರ್ ಸಾಕು. ಸಿಂಗಪುರದಲ್ಲಿ ವರ್ಷವಿಡೀ ಸೆಕೆ, ಮಧ್ಯಾಹ್ನದ ಮಳೆ. ಮಿಂಚು ಬಂದರೆ ಹೊರಾಂಗಣದ ರೈಡುಗಳನ್ನು ನಿಲ್ಲಿಸುತ್ತಾರೆ. ಹಾಗಾಗಿ ಕೋಸ್ಟರ್‌ಗಳನ್ನು ಬೆಳಿಗ್ಗೆಯೇ ಮುಗಿಸಿ, ಒಳಾಂಗಣದವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು. ಅಲ್ಲಿನ ಶಾಲೆಗಳ ವರ್ಷದ ನಡುವಿನ ರಜೆ ಮೇ ಕೊನೆಯಲ್ಲಿ ಆರಂಭವಾಗುವುದರಿಂದ ನಮ್ಮ ಬೇಸಿಗೆ ರಜೆಯ ಮೊದಲ ಭಾಗವೇ ಅನುಕೂಲ.

ಮಲ್ಲೇಶ್ವರದಲ್ಲಿರುವ ನನ್ನ ಅಕ್ಕನ ಮನೆಯವರು ಮುಂದಿನ ಏಪ್ರಿಲ್‌ಗೆ ಇದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದರು. ಮಕ್ಕಳಿಬ್ಬರೂ ಹೈಸ್ಕೂಲಿನವರು, ಜೊತೆಗೆ ಹಿರಿಯರು ಹೋಗುವುದಿಲ್ಲ. ಅವರಿಗೆ ಸಿಂಗಪುರವನ್ನೇ ಹೇಳಿದೆ: ವೀಸಾ ಮಾತ್ರ ಏಜೆಂಟರ ಮೂಲಕ, ವಿಮಾನ ಮತ್ತು ಹೋಟೆಲು ಸ್ವಂತವಾಗಿ, ಪಾರ್ಕಿಗೆ ವಾರದ ನಡುವಿನ ಒಂದು ದಿನ. ಎಕ್ಸ್‌ಪ್ರೆಸ್ ಟಿಕೆಟಿನ ಆ ದಿನದ ಬೆಲೆಯನ್ನು ಪ್ರವೇಶ ಟಿಕೆಟಿನ ಜೊತೆಯಲ್ಲೇ ನೋಡಿ, ಎರಡನ್ನೂ ಕೂಡಿಸಿದ ಮೇಲೆಯೇ ದಿನಾಂಕ ಗೊತ್ತುಮಾಡಿ ಎಂದಿದ್ದೇನೆ.