ಎರಡು ವರ್ಷ, ಹದಿನೈದು ಡಬ್ಬಿ ಜೇನುಪರಾಗ: ಒಂದು ಚಮಚದಲ್ಲಿ ನಿಜವಾಗಿ ಸಿಗುವುದೆಷ್ಟು

ಶಿರಸಿಯ ನಮ್ಮ ಮನೆಯಲ್ಲಿ ಕಳೆದ ಎರಡು ವರ್ಷಗಳಿಂದ ನಾನು ದಿನಕ್ಕೊಂದು ಚಹಾ ಚಮಚದಂತೆ ಒಣ ಜೇನುಪರಾಗ ತಿನ್ನುತ್ತಿದ್ದೇನೆ. ಕಾಲು ಕಿಲೋದ ಹದಿನೈದು ಡಬ್ಬಿ ತರಿಸಿದ್ದೆ. ಹದಿನಾಲ್ಕು ತಿಂದು ಮುಗಿದಿವೆ, ಒಂದು ಮಳೆಗಾಲದಲ್ಲಿ ಕೆಟ್ಟುಹೋಯಿತು. ಹಿಮೋಗ್ಲೋಬಿನ್ 10.6ಕ್ಕೆ ಇಳಿದಿದ್ದಾಗ ಪರಿಚಿತರೊಬ್ಬರು ಇದನ್ನು ತಿನ್ನಲು ಹೇಳಿದ್ದರು. ಡಬ್ಬಿಯ ಮೇಲೆ 'ಪರಿಪೂರ್ಣ ಆಹಾರ', 'ಕಬ್ಬಿಣಾಂಶದ ಗಣಿ', 'ಬಿ12 ಸೇರಿದಂತೆ ಎಲ್ಲ ವಿಟಮಿನ್‌ಗಳು' ಎಂದು ಅಚ್ಚಾಗಿತ್ತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಆ ಮಾತುಗಳನ್ನು ತೂಗಿ ನೋಡದೆ ಸಮಾಧಾನವಾಗಲಿಲ್ಲ. ಆದ್ದರಿಂದ ರುಚಿಗಿಂತ ಹೆಚ್ಚಾಗಿ ಅದರೊಳಗೆ ಏನಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪರಾಗದ ಉಂಡೆ ಬರಿಯ ಹೂವಿನ ಪುಡಿಯಲ್ಲ. ಹೂವಿನಲ್ಲಿ ಮೈಗೆ ಅಂಟಿದ ಪುಡಿಯನ್ನು ಜೇನುಹುಳ ತನ್ನ ಬಾಯಿಯಿಂದ ತಂದ ಮಕರಂದ ಮತ್ತು ಜೊಲ್ಲಿನಿಂದ ನಾದಿ, ಹಿಂಗಾಲಿನ ಬುಟ್ಟಿಯಲ್ಲಿ ಒತ್ತಿ ಗೂಡಿಗೆ ತರುತ್ತದೆ. ಪೆಟ್ಟಿಗೆಯ ಬಾಗಿಲಿಗೆ ಸಣ್ಣ ತೂತುಗಳ ಜಾಲರಿ ಇಟ್ಟರೆ ಹುಳ ನುಸುಳುವಾಗ ಉಂಡೆಗಳು ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತವೆ. ಶಾಲೆಯ ತಕ್ಕಡಿಯಲ್ಲಿ ನೂರು ಉಂಡೆಗಳನ್ನು ಎಣಿಸಿ ತೂಗಿದಾಗ 0.74 ಗ್ರಾಂ ಬಂತು. ನಮ್ಮ ಮನೆಯ ಚಹಾ ಚಮಚದಲ್ಲಿ ಹಿಡಿಯುವುದು 5 ಗ್ರಾಂ, ಅಂದರೆ ಸುಮಾರು 680 ಉಂಡೆ. ಒಂದು ಹುಳ ಒಂದು ಸಲಕ್ಕೆ ತರುವುದು ಎರಡು ಉಂಡೆ. ಹಾಗಾಗಿ ನನ್ನ ಒಂದು ಚಮಚಕ್ಕೆ ಕಡಿಮೆಯೆಂದರೂ 340 ಸಲದ ಹಾರಾಟ ಬೇಕು. ಈ ಲೆಕ್ಕ ಮಾಡಿದ ಮೇಲೆ ನಾನು ಒಂದು ಕಾಳನ್ನೂ ಚೆಲ್ಲಿಲ್ಲ.

ಹಸಿ ಪರಾಗದಲ್ಲಿ ನೂರಕ್ಕೆ 20ರಿಂದ 30 ಭಾಗ ನೀರೇ ಇರುತ್ತದೆ. ಮಾರುವುದಕ್ಕೆ ಮೊದಲು ಅದನ್ನು ಹದವಾದ ಬಿಸಿಯಲ್ಲಿ, ಸುಮಾರು 40 ಡಿಗ್ರಿಯಲ್ಲಿ, ನೀರಿನಂಶ ನೂರಕ್ಕೆ ಎಂಟಕ್ಕಿಂತ ಕೆಳಗಿಳಿಯುವ ತನಕ ಒಣಗಿಸುತ್ತಾರೆ. ಬಿಸಿಲಿಗೆ ಹರಡಿದರೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳೂ ವಿಟಮಿನ್ ಸಿಯೂ ಹಾಳಾಗುತ್ತವೆ. ಒಣಗಿದ ಪರಾಗದಲ್ಲಿ ಪ್ರೋಟೀನ್ ನೂರು ಗ್ರಾಂಗೆ 10ರಿಂದ 40 ಗ್ರಾಂ, ಶರ್ಕರಪಿಷ್ಟ 13ರಿಂದ 55 ಗ್ರಾಂ ಇರಬಹುದು. ಕೊಬ್ಬು ಒಂದು ಗ್ರಾಂನಿಂದ ಹತ್ತು-ಹದಿಮೂರು ಗ್ರಾಂವರೆಗೂ ಹೋಗುತ್ತದೆ. ಈ ಅಂತರ ಅಳತೆಯ ತಪ್ಪಿನಿಂದ ಬಂದದ್ದಲ್ಲ. ಸೂರ್ಯಕಾಂತಿ, ಗೋವಿನಜೋಳಗಳ ಪರಾಗದಲ್ಲಿ ಪ್ರೋಟೀನ್ ಕಡಿಮೆ, ಸಾಸಿವೆ ಜಾತಿಯದರಲ್ಲಿ ಅದಕ್ಕಿಂತ ಹೆಚ್ಚು. ಹೀಗಿರುವಾಗ, ಯಾವ ಹೂವಿನದು ಎಂದು ಹೇಳದೆ 'ಪರಾಗದಲ್ಲಿ ಇಷ್ಟು ಪ್ರೋಟೀನ್' ಎಂದು ಒಂದೇ ಅಂಕಿ ಅಚ್ಚು ಹಾಕುವುದು 'ಕಾಳಿನಲ್ಲಿ ಇಷ್ಟು ಪ್ರೋಟೀನ್' ಎಂದು ಬರೆದಷ್ಟೇ ಅಸ್ಪಷ್ಟ.

ನನ್ನ ಡಬ್ಬಿಗಳಲ್ಲೇ ಈ ವ್ಯತ್ಯಾಸ ಕಾಣುತ್ತಿತ್ತು. ಮೊದಲ ಕೆಲವು ಡಬ್ಬಿಗಳ ಉಂಡೆಗಳೆಲ್ಲ ಒಂದೇ ಬಗೆಯ ಗಾಢ ಹಳದಿ. ಉತ್ತರ ಭಾರತದ ಸಾಸಿವೆ ಹೊಲಗಳಲ್ಲಿ ಸಂಗ್ರಹಿಸಿದ್ದೆಂದು ಮಾರುವವರು ಹೇಳಿದ್ದರು. ಆರನೆಯ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದಾಗ ಹಳದಿಯ ನಡುವೆ ಕಿತ್ತಳೆ, ಬೂದು, ಕಂದು ಬಣ್ಣದ ಉಂಡೆಗಳು ಬೆರೆತಿದ್ದವು. ಹುಳ ಒಂದು ಹಾರಾಟದಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುವುದರಿಂದ ಪ್ರತಿ ಉಂಡೆಗೂ ಅದರದೇ ಬಣ್ಣ. ನಾಲಿಗೆಯ ಮೇಲಿಟ್ಟರೆ ಮೊದಲು ಸಿಹಿ. ಅದು ಹುಳ ಬೆರೆಸಿದ ಮಕರಂದದ ಫ್ರಕ್ಟೋಸ್, ಗ್ಲೂಕೋಸ್‌ಗಳದ್ದು. ಆಮೇಲೆ ಬರುವ ಸಣ್ಣ ಕಹಿಗೆ ಫ್ಲೇವನಾಯ್ಡ್‌ಗಳು ಕಾರಣ. ಕ್ವೆರ್ಸೆಟಿನ್, ಕೆಂಫೆರಾಲ್ ಮುಂತಾದ ಇವು ಸಕ್ಕರೆಯ ಅಣುಗಳಿಗೆ ಅಂಟಿಕೊಂಡ ರೂಪದಲ್ಲಿರುತ್ತವೆ. ನನಗೆ ಆ ಕಹಿ ಇಷ್ಟವಾಯಿತು; ಮೊಸರವಲಕ್ಕಿಯ ಮೇಲೆ ಉದುರಿಸಿಕೊಂಡರೆ ಚೆನ್ನಾಗಿ ಹೊಂದುತ್ತದೆ.

ಇನ್ನು ಪ್ರೋಟೀನಿನ ಗುಣದ ವಿಷಯ. ಮನುಷ್ಯನಿಗೆ ಅಗತ್ಯವಾದ ಅಮೈನೋ ಆಮ್ಲಗಳೆಲ್ಲವೂ ಪರಾಗದಲ್ಲಿವೆ ಎಂಬುದು ನಿಜ. ಗೂಡಿನ ಮರಿಗಳು ಬೆಳೆಯುವುದೇ ಈ ಪ್ರೋಟೀನಿನ ಬಲದ ಮೇಲೆ. ಎಳೆಯ ಕೆಲಸಗಾರ ಹುಳಗಳು ಪರಾಗ ತಿಂದು ತಲೆಯ ಗ್ರಂಥಿಗಳಲ್ಲಿ ಮರಿಗಳಿಗೆ ಬೇಕಾದ ರಸ ತಯಾರಿಸುತ್ತವೆ. ಆದರೆ ನಾನು ತಿನ್ನುವುದು 5 ಗ್ರಾಂ. ಪ್ರೋಟೀನ್ ನೂರಕ್ಕೆ 20 ಎಂದುಕೊಂಡರೂ ನನಗೆ ದಕ್ಕುವುದು ಒಂದೇ ಗ್ರಾಂ. 550 ರೂಪಾಯಿಯ ಇಡೀ ಡಬ್ಬಿಯಲ್ಲಿರುವುದು 50 ಗ್ರಾಂ ಪ್ರೋಟೀನ್. ಕಾಲು ಕಿಲೋ ಹುರುಳಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚೇ ಇದೆ, ಬೆಲೆಯಲ್ಲಿ ಹೋಲಿಕೆಯೇ ಇಲ್ಲ.

ಕಬ್ಬಿಣದ ಲೆಕ್ಕ ಇನ್ನೂ ನಿರಾಸೆ ತಂದಿತು. ಪರಾಗದ ಖನಿಜಗಳಲ್ಲಿ ಪೊಟ್ಯಾಸಿಯಂನದೇ ದೊಡ್ಡ ಪಾಲು, ಜೊತೆಗೆ ರಂಜಕ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆ. ಕಬ್ಬಿಣ ನೂರು ಗ್ರಾಂಗೆ ಒಂದರಿಂದ 17 ಮಿಲಿಗ್ರಾಂವರೆಗೆ ಇರಬಹುದು. ನನಗೆ ಸಿಕ್ಕಿದ್ದು ಅತ್ಯುತ್ತಮವಾದದ್ದೇ ಎಂದು ಭಾವಿಸಿದರೂ ಚಮಚಕ್ಕೆ 0.85 ಮಿಲಿಗ್ರಾಂ ಆಯಿತು. ನಮ್ಮ ದೇಶದ ಆಹಾರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಮೊದಲ ಏಳು ತಿಂಗಳು ಪರಾಗವನ್ನೇ ನಂಬಿಕೊಂಡಿದ್ದೆ; ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.7 ಇತ್ತು. ಆಮೇಲೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳಿಂದ ಅದು ನಾಲ್ಕು ತಿಂಗಳಲ್ಲಿ 12.3ಕ್ಕೆ ಏರಿತು. ಆ ಏಳು ತಿಂಗಳು ಮೆಟ್ಟಿಲು ಹತ್ತುವಾಗಲೆಲ್ಲ ಬಂದ ಏದುಸಿರು ನನಗೆ ನೆನಪಿದೆ. ರಕ್ತಹೀನತೆ ಇರುವ ಯಾರೂ ಡಬ್ಬಿಯ ಮೇಲಿನ ಮಾತಿಗೆ ಚಿಕಿತ್ಸೆಯನ್ನು ಮುಂದೂಡಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬಿ12 ವಿಷಯದಲ್ಲಿ ಡಬ್ಬಿಯ ಮಾತು ತಪ್ಪೇ ಸರಿ. ಪರಾಗದಲ್ಲಿ ಬಿ ಗುಂಪಿನ ಬೇರೆ ಹಲವು ವಿಟಮಿನ್‌ಗಳಿವೆ, ವಿಟಮಿನ್ ಇ ಇದೆ, ದೇಹದಲ್ಲಿ ವಿಟಮಿನ್ ಎ ಆಗಬಲ್ಲ ಕ್ಯಾರೊಟಿನ್ ಇದೆ. ಆದರೆ ಸಸ್ಯಮೂಲದ ಈ ವಸ್ತುವನ್ನು ಬಿ12ಕ್ಕಾಗಿ ನೆಚ್ಚಿಕೊಳ್ಳಲು ಬರುವುದಿಲ್ಲ. ನಮ್ಮ ಕಡೆ ಶುದ್ಧ ಸಸ್ಯಾಹಾರಿ ಮನೆಗಳು ಬಹಳ, ಬಿ12 ಕೊರತೆಯೂ ಸಾಮಾನ್ಯವಾಗಿ ಕಾಣುತ್ತದೆ. ಅಂಥವರು ಈ ಒಂದು ಸಾಲನ್ನು ನಂಬಿದರೆ ನರಗಳಿಗೇ ತೊಂದರೆಯಾದೀತು. ಮಾರಾಟಗಾರರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ವಿಟಮಿನ್ ಸಿ ಕೂಡ ಚಮಚಕ್ಕೆ ಮೂರು ಮಿಲಿಗ್ರಾಂ ದಾಟುವುದಿಲ್ಲ. ಒಂದು ಬೆಟ್ಟದ ನೆಲ್ಲಿಕಾಯಿ ಅದರ ಎಷ್ಟೋ ಪಟ್ಟು ಕೊಡುತ್ತದೆ.

ತಿಂದದ್ದೆಲ್ಲ ಮೈಗೆ ಹತ್ತುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಪರಾಗಕಣದ ಹೊರಗೋಡೆ ಸ್ಪೋರೊಪೊಲ್ಲೆನಿನ್ ಎಂಬ ವಸ್ತುವಿನದು. ಅದು ಆಮ್ಲಕ್ಕೂ ಜಗ್ಗುವುದಿಲ್ಲ. ಕೆರೆಯ ತಳದ ಕೆಸರಿನಲ್ಲಿ ಸಾವಿರಾರು ವರ್ಷದ ಹಿಂದಿನ ಪರಾಗಕಣಗಳು ಆಕಾರ ಕೆಡದೆ ಸಿಗುವುದಕ್ಕೆ ಈ ಗೋಡೆಯೇ ಕಾರಣ. ಒಂದು ಉಂಡೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಉಂಡೆ ಪೂರ್ತಿ ಬಿಡಿಬಿಡಿಯಾಗಿತ್ತು, ಆದರೆ ಕಣಗಳು ಬಹುಪಾಲು ಇಡಿಯಾಗಿಯೇ ಇದ್ದವು. ಮೂರು ಸೀಳುಗಳುಳ್ಳ, ಮೈಮೇಲೆ ಬಲೆಯಂಥ ನೇಯ್ಗೆಯ ಸಾಸಿವೆಯ ಕಣಗಳನ್ನು ಹತ್ತನೇ ತರಗತಿಯ ಮಕ್ಕಳೂ ಸರದಿಯಲ್ಲಿ ನಿಂತು ನೋಡಿದರು. ಕರುಳಿನಲ್ಲಿ ಆ ಸೀಳುಗಳ ಮೂಲಕ ಒಳಗಿನದು ಸ್ವಲ್ಪ ಹೊರಬರುತ್ತದೆ, ಆದರೆ ಪೂರ್ತಿಯಲ್ಲ. ಹುಳಗಳು ಗೂಡಿನಲ್ಲಿ ಪರಾಗವನ್ನು ಜೇನಿನೊಂದಿಗೆ ಎರಿಯ ಕಣ್ಣುಗಳಿಗೆ ತುಂಬಿದಾಗ ಲ್ಯಾಕ್ಟಿಕ್ ಆಮ್ಲದಿಂದ ಅದು ಹುಳಿಯಾಗಿ ಬಹುಕಾಲ ಕೆಡದೆ ಉಳಿಯುತ್ತದೆ. ಕಣಗಳ ಗೋಡೆ ಒಡೆಯಲೆಂದು ನಾನು ಈಗ ತಿನ್ನುವ ಮೊದಲು ಕಲ್ಲಿನಲ್ಲಿ ನುಣ್ಣಗೆ ಅರೆದುಕೊಳ್ಳುತ್ತೇನೆ.

ಕೆಟ್ಟುಹೋದ ಡಬ್ಬಿಯಲ್ಲಿ ತಪ್ಪು ನನ್ನದು. ಆಷಾಢದ ಜಡಿಮಳೆಯಲ್ಲಿ ಅಡುಗೆಮನೆಯ ಶೆಲ್ಫಿನ ಮೇಲೆ ಡಬ್ಬಿ ಇಟ್ಟಿದ್ದೆ, ಒದ್ದೆ ಚಮಚವನ್ನೂ ಹಾಕಿರಬೇಕು. ಒಣ ಪರಾಗ ಗಾಳಿಯ ತೇವವನ್ನು ಬೇಗ ಹೀರುತ್ತದೆ. ವಾರದೊಳಗೆ ಉಂಡೆಗಳು ಒಂದಕ್ಕೊಂದು ಅಂಟಿ ಮುಗ್ಗಲು ವಾಸನೆ ಬಂತು. ಬೂಸ್ಟಿನ ವಿಷ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಇಡೀ ಡಬ್ಬಿಯನ್ನೇ ಗೊಬ್ಬರದ ಗುಂಡಿಗೆ ಹಾಕಿದೆ. ಮಲೆನಾಡಿನವರಾಗಲಿ ಕಾರವಾರ, ಕುಮಟಾ ಕಡೆಯ ಕರಾವಳಿಯವರಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲೇ ಇಡಬೇಕು.

ಅಲರ್ಜಿಯ ಮಾತು ಹೇಳದಿದ್ದರೆ ಈ ಬರಹ ಅಪಾಯಕಾರಿ. ನನ್ನ ಅತ್ತಿಗೆಗೆ ಹೂಬಿಡುವ ಕಾಲದಲ್ಲಿ ಸೀನು, ಉಬ್ಬಸ ಇದ್ದದ್ದೇ. ರುಚಿ ನೋಡಲೆಂದು ಅರ್ಧ ಚಮಚ ತಿಂದ ಹತ್ತು ನಿಮಿಷದಲ್ಲಿ ಅವರ ಗಂಟಲು ತುರಿಸಿ, ಕೆಳತುಟಿ ಊದಿಕೊಂಡಿತು. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ದದ್ದರಿಂದ ಸಂಜೆಗೆ ಇಳಿಯಿತು. ಪರಾಗದಿಂದ ಜೀವಕ್ಕೇ ಕುತ್ತಾಗುವಂಥ ತೀವ್ರ ಅಲರ್ಜಿ ಆದ ಉದಾಹರಣೆಗಳಿವೆ. ಉಬ್ಬಸ ಇರುವವರು, ಜೇನುಹುಳದ ಕಡಿತಕ್ಕೆ ಮೈ ಊದುವವರು, ಗರ್ಭಿಣಿಯರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ನಾನು ಮೊದಲ ದಿನ ಎರಡೇ ಕಾಳಿನಿಂದ ಶುರುಮಾಡಿದ್ದೆ. ಮನೆಗೆ ಬಂದವರಿಗೆ ಈಗ ಒಂದು ಕಾಳನ್ನೂ ಕೊಡುವುದಿಲ್ಲ.

ಹಿತ್ತಲಿನಲ್ಲಿ ನಮ್ಮವೇ ಎರಡು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಅಡಿಕೆ ಸಿಂಗಾರ ಒಡೆದಾಗ, ನಾಚಿಕೆಮುಳ್ಳು ಹೂವಾದಾಗ ಹುಳಗಳು ಕಾಲು ತುಂಬ ಪರಾಗ ಹೊತ್ತು ಬರುತ್ತವೆ. ಅಲ್ಲಿಯೇ ಜಾಲರಿ ಇಡಬಹುದಲ್ಲ ಎಂದು, ನಮಗೆ ಪೆಟ್ಟಿಗೆ ಕೊಟ್ಟ ಜೇನು ಸಾಕಣೆಯ ಹಿರಿಯರನ್ನು ಕೇಳಿದೆ. "ಬ್ಯಾಡ ತಂಗಿ, ಮರಿಗೆ ಬೇಕಾಗಿದ್ದ ನಾವು ಕಿತ್ಕಂಡ್ರೆ ಹುಳ ಪೆಟ್ಟಿಗೆ ಬಿಟ್ಟು ಹೋಗ್ತು" ಎಂದರು. ತುಡುವೆಯ ಕುಟುಂಬ ಚಿಕ್ಕದು, ಆಹಾರ ಕಡಿಮೆಯಾದರೆ ಗೂಡು ತೊರೆಯುವ ಸ್ವಭಾವವೂ ಅದಕ್ಕಿದೆ. ಜಾಲರಿ ಇಡಲಿಲ್ಲ.

ಈಗ ನನ್ನ ಬಳಕೆ ದಿನಕ್ಕೆ ಅರ್ಧ ಚಮಚಕ್ಕೆ ಇಳಿದಿದೆ. ಹದಿನಾರನೆಯ ಡಬ್ಬಿಯನ್ನು ದೀಪಾವಳಿಯ ನಂತರವೇ ತರಿಸುತ್ತೇನೆ, ಅದೂ ಯಾವ ಹೂವಿನದು, ಯಾವ ತಿಂಗಳಲ್ಲಿ ಸಂಗ್ರಹಿಸಿದ್ದು, ಕೀಟನಾಶಕದ ಪರೀಕ್ಷೆ ಆಗಿದೆಯೇ ಎಂಬ ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರಿಸುವವರಿಂದ. ಆ ಕಹಿಗೆ, ಆ ಬಣ್ಣಕ್ಕೆ, ಮೊಸರವಲಕ್ಕಿಯ ಜೊತೆಗಿನ ಅದರ ರುಚಿಗೆ ಐದರಲ್ಲಿ ನಾಲ್ಕು ಅಂಕ. ಪೋಷಣೆಗೆ, ಆ ಬೆಲೆಯನ್ನೂ ಚಮಚದ ಗಾತ್ರವನ್ನೂ ಗಮನದಲ್ಲಿಟ್ಟು, ಎರಡು. ಡಬ್ಬಿಯ ಮೇಲಿನ ಬರಹಕ್ಕೆ ಸೊನ್ನೆ.