ಬಾದಾಮಿಯ ಒಂದೇ ಕೆರೆ, ಮೂರು ಸಲ ಬರೆದೆ: ಅಲ್ಲೇ ಕೂತು, ಫೋಟೋ ನೋಡಿ, ನೆನಪಿಂದ

"ಚಿತ್ರಕ್ಕೆ ಐಡಿಯಾ ಎಲ್ಲಿಂದ ಬರುತ್ತೆ" ಅಂತ ಯಾರಾದ್ರೂ ಕೇಳಿದ್ರೆ ನಾನು ಸುಮ್ನೆ ನಕ್ಕು ಜಾರ್ಕೊಳ್ತಿದ್ದೆ, ಯಾಕಂದ್ರೆ ನಂಗೇ ಗೊತ್ತಿರ್ಲಿಲ್ಲ. ಹಂಗಾಗಿ ಮಾರ್ಚ್‌ನಲ್ಲಿ ಬಾದಾಮಿಗೆ ಹೋದಾಗ ಒಂದು ಟೆಸ್ಟ್ ಮಾಡ್ಬಿಟ್ಟೆ. ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿ, ಹಿಂದೆ ಕೆಂಪು ಬಂಡೆ, ಮುಂದೆ ನೀರು. ಮೂರೂ ಸಲ ಅದೇ ದೃಶ್ಯ, ಅದೇ 300 ಜಿಎಸ್ಎಂನ ದಪ್ಪ ಪೇಪರ್, ಅದೇ ಆರು ವಾಟರ್ ಕಲರ್.

ಮೊದಲನೇದು ಅಲ್ಲೇ ಕೂತು ಬರೆದದ್ದು. ಗುಡಿ ಪಶ್ಚಿಮಕ್ಕೆ ಮುಖ ಮಾಡಿರೋದ್ರಿಂದ ಸಂಜೆ ಬಿಸಿಲು ನೇರ ಅದರ ಮೇಲೇ ಬೀಳುತ್ತೆ, ಮಧ್ಯಾಹ್ನ ಪೂರ್ತಿ ಸಪ್ಪೆ ಇದ್ದ ಕಲ್ಲು ಸಂಜೆ ಆಗ್ತಿದ್ದಂಗೆ ಕೆಂಡದ ತರ ಆಗೋಗುತ್ತೆ, ನೀವು ಬ್ರಷ್ ತೊಳ್ಕೊಳ್ಳೋಷ್ಟರಲ್ಲಿ ನೆರಳು ಎರಡು ಮೆಟ್ಟಿಲು ಮೇಲೆ ಹತ್ತಿರುತ್ತೆ. ಆ ನೆರಳಿನ ಹಿಂದೆ ಓಡಿದ್ರೆ ಕಥೆ ಮುಗೀತು, ಶುರುವಲ್ಲೇ ಪೆನ್ಸಿಲಲ್ಲಿ ನೆರಳಿನ ಅಂಚು ಗುರುತು ಹಾಕ್ಕೊಂಡು ಆಮೇಲೆ ಏನಾದ್ರೂ ಆಗ್ಲಿ ಅದನ್ನ ಬದಲಾಯಿಸಬಾರ್ದು. ಸೆಕೆಗೆ ಬಣ್ಣ ಹಾಕಿದ ಕೂಡ್ಲೇ ಒಣಗೋಗುತ್ತೆ, ಆಕಾಶದ ಮಧ್ಯ ಒಂದು ಗೆರೆ ಬಿದ್ದಿದ್ದು ಹಂಗೇ ಉಳೀತು. ಕೋತಿ ಬಂದು ಬಿಸ್ಕತ್ ಪ್ಯಾಕೆಟ್ ಎತ್ಕೊಂಡು ಹೋಯ್ತು, ಅದನ್ನ ಬಿಡಿ. ಮೆಟ್ಟಿಲ ಮೇಲೆ ಬಟ್ಟೆ ಒಗೀತಿದ್ದ ಅಜ್ಜಿ ಒಬ್ರು ಬಗ್ಗಿ ನೋಡಿ, "ಗುಡಿ ಬರದೀ, ನಮ್ಮ ಅರಿವಿ ಯಾಕ ಬಿಟ್ಟಿಯೋ ತಮ್ಮಾ?" ಅಂದ್ರು. ನಿಜ, ಬಿಟ್ಟಿದ್ದೆ.

ರಿಸಲ್ಟ್? ಚಿತ್ರದ ಜೋಡಣೆ ದುರ್ಬಲ, ಬಣ್ಣ ಮಾತ್ರ ಸತ್ಯ. ಕೆಂಪು ಬಂಡೆಯ ನೆರಳು ಬ್ರೌನ್ ಇರುತ್ತೆ ಅಂತ ನಾನು ಇಷ್ಟು ವರ್ಷ ನಂಬ್ಕೊಂಡಿದ್ದೆ. ಅಲ್ಲಿ ನೋಡಿದ್ರೆ ನೇರಳೆ, ಆಕಾಶದ ನೀಲಿ ಅದರೊಳಗೆ ಸೇರ್ಕೊಂಡಿರುತ್ತೆ. ನೀರೂ ನೀಲಿ ಅಲ್ಲ, ಪಾಚಿ ಹಸಿರು.

ಎರಡನೇದು ಬೆಂಗಳೂರಿಗೆ ವಾಪಸ್ ಬಂದು ಫೋಟೋ ನೋಡ್ಕೊಂಡು. ಫ್ಯಾನ್ ಕೆಳಗೆ, ಕಾಫಿ ಜೊತೆ, ಪರಮ ಸುಖ. ಆದ್ರೆ ಫೋನಿನ ಮೇನ್ ಲೆನ್ಸ್ ವೈಡ್ ಆಗಿರೋದ್ರಿಂದ ಮುಂದಿನ ನೀರು ಮೈದಾನದಷ್ಟು ಅಗಲ, ದೂರದ ಗುಡಿ ಬೆಂಕಿಪೊಟ್ಟಣದಷ್ಟು, ಅಲ್ಲಿ ನಿಂತಾಗ ತಲೆ ಮೇಲೇ ಬಂದಂಗಿದ್ದ ಬಂಡೆ ಇಲ್ಲಿ ಗೋಡೆ ಪೋಸ್ಟರು. ಅದರ ಮೇಲೆ ಎಚ್‌ಡಿಆರ್ ಅನ್ನೋ ಫೋನಿನ ಸೆಟ್ಟಿಂಗ್ ಬೇರೆ, ಕತ್ತಲೆನೆಲ್ಲ ಬೆಳಗಿಸಿ ಇಡುತ್ತೆ, ಕಾಂಟ್ರಾಸ್ಟ್ ಸತ್ತೋಗುತ್ತೆ. ಫೋಟೋ ತೆಗೆಯೋದೇ ಆದ್ರೆ 2ಎಕ್ಸ್ ಜೂಮ್‌ನಲ್ಲಿ ತೆಗೀರಿ, ಬೆಳಕಿರೋ ಕಡೆ ಟ್ಯಾಪ್ ಮಾಡಿ ಎಕ್ಸ್‌ಪೋಷರ್ ಇಳಿಸಿ, ಸ್ವಲ್ಪ ವಾಸಿ. ಆದ್ರೂ ಕಾಣೋದೆಲ್ಲ ಬರೀಬೇಕು ಅನ್ನೋ ಚಟ ಹತ್ತುತ್ತೆ, ನಾನಂತೂ ಒಂದೊಂದು ಕಲ್ಲಿನ ಸಂದೂ ಬರೆದೆ. ನೀಟಾಗಿ ಬಂತು, ಕ್ಯಾಲೆಂಡರ್ ತರ. ಯಾರಾದ್ರೂ ದುಡ್ಡು ಕೊಟ್ಟು ಇದೇ ಗುಡಿ ಬೇಕು ಅಂದ್ರೆ ಇದೇ ಸರಿ. ಚಿತ್ರ ಹುಡುಕೋ ಪಿಂಟರೆಸ್ಟ್ ಆ್ಯಪನ್ನ ನಾನು ಹೋಲಿಕೆಗೇ ತಗೊಳ್ಳಲಿಲ್ಲ, ಅಲ್ಲಿ ಸಿಗೋದು ಇನ್ನೊಬ್ರು ಆಗ್ಲೇ ನೋಡಿ ಮುಗಿಸಿರೋದು.

ಮೂರನೇದು ಒಂದು ವಾರ ಬಿಟ್ಟು, ಸ್ಕೆಚ್‌ಬುಕ್ಕು ಫೋನು ಎರಡನ್ನೂ ಬೀರುವಿನಲ್ಲಿಟ್ಟು. ಶುರು ಮಾಡೋಕೆ ಭಯ ಆಯ್ತು. ಬರೀತಾ ಬರೀತಾ ಗುಡಿ ತಾನಾಗೇ ಮೂಲೆಗೆ ಸರೀತು, ಬಂಡೆ ಮುಕ್ಕಾಲು ಪೇಪರ್ ತುಂಬ್ತು, ಬಟ್ಟೆ ಒಗೆಯೋ ಅಜ್ಜಿ ಮುಂದೆ ಬಂದು ಕೂತ್ರು, ಒಗೆಯೋ ಸದ್ದು ಆಚೆ ಬಂಡೆಗೆ ಬಡಿದು ಎರಡೆರಡು ಸಲ ಕೇಳ್ತಿದ್ದದ್ದು ನೆನಪಾಗಿ ನೀರಲ್ಲಿ ಗೆರೆಗಳು ಎರಡೆರಡಾಗಿ ಬಂದ್ವು. ಚಿತ್ರ ಕಲಾವಿದ ಕೆ.ಕೆ. ಹೆಬ್ಬಾರರು ಲಯ ಹಿಡಿಯೋಕೆ ಅಂತ ಕಥಕ್ ಕಲಿತಿದ್ರು, ಅವ್ರ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಕುಣಿಯೋದು ನೋಡಿದ್ರೆ ಅದು ಮೈಯೊಳಗಿಂದ ಬಂದಿದ್ದು ಅಂತ ಗೊತ್ತಾಗುತ್ತೆ. ನನ್ನದು ಆ ಮಟ್ಟ ಅಲ್ಲಪ್ಪ, ಆದ್ರೆ ಕಣ್ಣಲ್ಲಿ ನೋಡಿದ್ದಲ್ದೆ ಬೇರೇನೋ ಕೈಗೆ ಬಂದಿದ್ದು ಈ ಒಂದರಲ್ಲೇ.

ನೆನಪು ಮೋಸನೂ ಮಾಡುತ್ತೆ. ಕಂಬಗಳ ಲೆಕ್ಕ ತಪ್ತು. ಮರ ಬರೆದದ್ದು ಬಾದಾಮಿಯದ್ದಲ್ಲ, ನಾನು ಯಾವಾಗ್ಲೂ ಬರೆಯೋ ಅದೇ ಮರ. ನೀರು ಮತ್ತೆ ನೀಲಿ ಆಗೋಯ್ತು, ಅಷ್ಟೆಲ್ಲ ಕಣ್ಣಾರೆ ನೋಡಿ ಬಂದಮೇಲೂ!

ಮೂರನ್ನೂ ಗೋಡೆಗೆ ಒರಗಿಸಿಟ್ಟು ಅಮ್ಮನ್ನ ಕರೆದೆ. ಫೋಟೋದ್ದು ನೋಡಿ "ಚೆನ್ನಾಗಿದೆ" ಅಂದ್ರು, ಮೂರನೇದರ ಮುಂದೆ ನಿಂತು ಸೆರಗಲ್ಲಿ ಗಾಳಿ ಹಾಕ್ಕೊಂಡು "ಇದು ಸೆಕೆ ಸೆಕೆ ಅನ್ಸುತ್ತೆ ಕಣೋ" ಅಂದ್ರು.

ಈಗ ಸ್ಪಾಟಲ್ಲಿ ಪೂರ್ತಿ ಪೇಂಟಿಂಗ್ ಮಾಡಲ್ಲ. ಕಪ್ಪು, ಬೂದು, ಬಿಳಿ ಅಂತ ಮೂರೇ ಟೋನಲ್ಲಿ ಅಂಗೈ ಅಗಲದ ಪೆನ್ಸಿಲ್ ಸ್ಕೆಚ್ಚು, ಪಕ್ಕದಲ್ಲಿ "ನೆರಳು ನೇರಳೆ, ನೀರು ಹಸಿರು" ಅಂತ ನೋಟ್ಸು, ಅಷ್ಟೇ. ಮನೇಲಿ ನೆನಪಿಂದ ಬರೀತೀನಿ, ಬಣ್ಣ ಕಲಸೋ ಮುಂಚೆ ನೋಟ್ಸ್ ಓದ್ತೀನಿ. ಫೋಟೋ ತೆಗೆಯೋದು ಕೊನೇಲಿ, ಕಂಬ ಎಣಿಸೋಕೆ.